ಬೀಚು ನೋಡಿದಿರಿ, ಊರು ನೋಡಿದಿರಾ?

ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ನಮಗೆ ಕಡಲು ಮೊದಲು ಗೊತ್ತಾದದ್ದು ಮೂಗಿನಿಂದ. ರಸೆಲ್ ಮಾರ್ಕೆಟಿನ ಮೀನಿನ ಸಾಲಿನಲ್ಲಿ ಬೆಳಗ್ಗೆ ಐಸ್ ಪೆಟ್ಟಿಗೆಗಳನ್ನು ಬಿಚ್ಚುವಾಗ ಏಳುತ್ತಿದ್ದ ವಾಸನೆಯೇ ನಮ್ಮ ಪಾಲಿನ ಅರಬ್ಬಿ ಸಮುದ್ರ. ಮಳೆಗಾಲದಲ್ಲಿ ಹಸಿ ಮೀನಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಆಗ ಹಲಸೂರಿನ ತಮಿಳರ ಮನೆಗಳಲ್ಲಿ ಕರುವಾಡು, ನಮ್ಮ ಮನೆಗಳಲ್ಲಿ ಸುಕ್ಕಿ ಮಛ್ಲಿ. ಹೆಸರು ಎರಡು, ಒಣಮೀನು ಒಂದೇ. ಅದು ಎಲ್ಲಿಂದ ಬರುತ್ತದೆ, ಯಾರ ಕೈ ಅದನ್ನು ಉಪ್ಪಿಗೆ ಹಾಕಿ ಬಿಸಿಲಿಗೆ ಹರಡುತ್ತದೆ ಎಂದು ನಮ್ಮ ಅಮ್ಮಂದಿರು ಕೇಳಿದವರಲ್ಲ. ಕಥೆ ಬರೆಯುವವರೆಂದು ನಾಲ್ಕು ಜನರಿಂದ ಕರೆಸಿಕೊಂಡ ಮೇಲೂ ನಾವು ಕೇಳಿದವರಲ್ಲ. ಕೇಳಬೇಕಾದ ಪ್ರಸಂಗ ಬಂದದ್ದು ಇತ್ತೀಚಿನ ಒಂದು ಪ್ರವಾಸದಲ್ಲಿ.

ಒಟ್ಟು ಐದು ಮಂದಿ. ಹಲಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಗೆಳೆಯ, ಇಂದಿರಾನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಗೆಳತಿ, ಆಕೆಯ ಗಂಡ, ಕೆ.ಆರ್. ಪುರದ ಆಚೆ ಹಳೇ ಮದ್ರಾಸ್ ರಸ್ತೆಯ ಬದಿಯ ಶಾಲೆಯ ಮೇಷ್ಟ್ರು, ಮತ್ತೆ ನಾವು. ಕಡಲ ತಡಿಯ ಹಳ್ಳಿಗಳನ್ನು ಒಂದು ವಾರ ಸುತ್ತಿ ಬರೋಣ ಎಂದು ಕಾರವಾರದ ರಾತ್ರಿ ರೈಲು ಹತ್ತಿದೆವು. ಹೊರಡುವ ಮೊದಲು ಗ್ಯಾರೇಜಿನ ಗೆಳೆಯ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿದ್ದ. ಮಲ್ಪೆ ಬೀಚ್, ಮರವಂತೆ ಬೀಚ್, ಮುರ್ಡೇಶ್ವರ ಬೀಚ್, ಕಾಸರಕೋಡು ಬೀಚ್, ಗೋಕರ್ಣದ ಓಂ ಬೀಚ್. ಹಳ್ಳಿ ನೋಡಲು ಹೊರಟವರ ಪಟ್ಟಿಯಲ್ಲಿ ಹಳ್ಳಿ ಒಂದೂ ಇರಲಿಲ್ಲ. ಇದನ್ನು ಮೇಷ್ಟ್ರು ತೋರಿಸಿಕೊಟ್ಟಾಗ ಎಲ್ಲರೂ ನಕ್ಕೆವು. ಊರಿಗೆ ಮರಳುವಾಗ ಆ ನಗು ಉಳಿದಿರಲಿಲ್ಲ.

ನಮ್ಮ ತಕರಾರು ಈ ಬೀಚ್ ಎಂಬ ಮಾತಿನ ಮೇಲೆಯೇ ಇದೆ. ಇಂಗ್ಲಿಷ್ ಪದ ಎಂಬ ಕಾರಣಕ್ಕಲ್ಲ. ಬಸ್ಸು, ರೈಲು, ಆಸ್ಪತ್ರೆ ಎಲ್ಲವೂ ಹೊರಗಿನಿಂದ ಬಂದು ನಮ್ಮದಾಗಿವೆ. ಕಡಲ ಕರೆ, ದಂಡೆ, ತಡಿ ಎಂದಾಗ ಅಲ್ಲಿ ದೋಣಿ ಇರುತ್ತದೆ, ಬಲೆ ಇರುತ್ತದೆ, ಬಲೆ ಹೆಣೆಯುವ ಮುದುಕನಿರುತ್ತಾನೆ. ಬೀಚ್ ಎಂದ ತಕ್ಷಣ ಈ ಮೂವರೂ ಮಾಯವಾಗಿ ಕೊಡೆ, ಕುರ್ಚಿ, ಎಳನೀರು ಮಾತ್ರ ಉಳಿಯುತ್ತವೆ. ರೈತನಿಗೆ ಕಣ ಇದ್ದ ಹಾಗೆ ಮೀನುಗಾರರಿಗೆ ಮರಳು. ಸುಗ್ಗಿಯ ಹೊತ್ತಿನಲ್ಲಿ ಯಾರದೋ ಕಣಕ್ಕೆ ನುಗ್ಗಿ ಕುರ್ಚಿ ಹಾಕಿ ಕೂತು, ಎಷ್ಟು ಚೆಂದದ ಜಾಗ, ಈ ಹುಲ್ಲಿನ ರಾಶಿಯೊಂದು ಇಲ್ಲದಿದ್ದರೆ ಇನ್ನೂ ಚೆಂದ ಎನ್ನುವವರಿಗೆ ನಾವು ಏನು ಹೇಳುತ್ತೇವೆ? ಕರಾವಳಿಗೆ ಹೋಗುವ ಬೆಂಗಳೂರಿನವರು ಪ್ರತಿ ಶನಿವಾರ ಭಾನುವಾರ ಮಾಡಿ ಬರುವುದು ಇದನ್ನೇ. ಮೀನಿನ ವಾಸನೆ ಬರುತ್ತದೆಂದು ಮೂಗು ಮುಚ್ಚಿ ನಡೆದು, ಸಂಜೆ ಅದೇ ಮೀನು ಪ್ಲೇಟಿಗೆ ಬಂದಾಗ ತಾಜಾ ಇದೆಯೇ ಎಂದು ವಿಚಾರಿಸುತ್ತೇವೆ.

ಹೊನ್ನಾವರದಲ್ಲಿ ಇಳಿದೆವು. ಇಳಿಯುವ ಮುಂಚೆ ರೈಲು ಶರಾವತಿಯನ್ನು ದಾಟುತ್ತದೆ. ಎರಡು ಕಿಲೋಮೀಟರಿಗೂ ಮೀರಿದ ಸೇತುವೆ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ನದಿಯ ದಕ್ಷಿಣದ ಮಗ್ಗುಲಿಗೆ ಕಾಸರಕೋಡು. (ಕೇರಳದ ಕಾಸರಗೋಡು ಬೇರೆ, ಇದು ಬೇರೆ.) 2020ರಲ್ಲಿ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ಕಡಲ ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು 33 ಮಾನದಂಡಗಳನ್ನಿಟ್ಟು ಅಳೆದು ಕೊಡುವ ನೀಲಿ ಬಾವುಟ ಅದು. ನೀರು ಚೊಕ್ಕಟವಾಗಿರಬೇಕು, ಶೌಚಾಲಯ ಇರಬೇಕು, ಜೀವರಕ್ಷಕರು ಇರಬೇಕು, ಅಂಗವಿಕಲರು ಬಂದುಹೋಗಲು ದಾರಿ ಇರಬೇಕು. ಯಾವುದೂ ಕೆಟ್ಟದ್ದಲ್ಲ. ನಮ್ಮ ಗೆಳತಿ ಅಲ್ಲಿನ ಶೌಚಾಲಯ ನೋಡಿ, ಕರ್ನಾಟಕದಲ್ಲಿ ಹೆಂಗಸರು ಪ್ರವಾಸ ಹೋಗಬಹುದು ಎಂದು ಮೊದಲ ಸಲ ಅನ್ನಿಸಿತು ಎಂದಳು. ಆ ಮಾತನ್ನು ಗಂಡಸರಾದ ನಾವು ತಳ್ಳಿಹಾಕುವಂತಿಲ್ಲ.

ಆದರೆ ಅದೇ ಊರಿನ ಇನ್ನೊಂದು ತುದಿ ಟೊಂಕ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆ. ಅಲ್ಲಿ ಬಾವುಟವಿಲ್ಲ. ಹಾಸಿದ ಬಲೆಗಳ ಮೇಲೆ ಮೀನು ಹರಡಿತ್ತು. ಸೀಗಡಿ, ಸಣ್ಣ ಬಂಗುಡೆ, ಹೆಸರು ಗೊತ್ತಿಲ್ಲದ ಬೆಳ್ಳಿಯ ಪಟ್ಟಿಯಂಥವು. ಗ್ಯಾರೇಜಿನ ಗೆಳೆಯ ಮೊಬೈಲ್ ಎತ್ತಿ ಹಿಂದೆ ಹಿಂದೆ ಸರಿಯುತ್ತಾ ಚೌಕಟ್ಟು ಹುಡುಕುತ್ತಿದ್ದ. ತಲೆಗೆ ಬಟ್ಟೆ ಸುತ್ತಿಕೊಂಡು ಮೀನು ಮಗುಚುತ್ತಿದ್ದ ಹೆಂಗಸು ತಲೆಯೆತ್ತದೆಯೇ ಹೇಳಿದರು:

"ಫೋಟೋ ಹೊಡೀರಿ, ಅಡ್ಡಿಲ್ಲ. ಮೊದ್ಲು ಬಲೆ ಮೇಲಿಂದ ಕಾಲು ತೆಗೀರಿ."

ಅವನು ಬೂಟು ಕಾಲಲ್ಲಿ ಅವರ ಮೂರು ದಿನದ ಕೆಲಸದ ಮೇಲೆ ನಿಂತಿದ್ದ. ನಾಚಿಕೆಯಾಗಿ ಎಲ್ಲರೂ ಕೆಳಗೆ ಕೂತೆವು. ಕೂತ ಮೇಲೆ ಮಾತು ಬಂತು. ದೊಡ್ಡ ಮೀನನ್ನು ಸೀಳಿ ಉಪ್ಪಿನಲ್ಲಿ ಒಂದು ರಾತ್ರಿ ಇಡಬೇಕು, ತೊಳೆದು ಹರಡಬೇಕು. ಸಣ್ಣ ಮೀನಿಗೆ ಉಪ್ಪು ಬೇಡ, ಬಿಸಿಲೇ ಸಾಕು. ಮಧ್ಯಾಹ್ನ ಮಗುಚಬೇಕು, ಕಾಗೆ ನಾಯಿ ಕಾಯಬೇಕು, ಸಂಜೆ ಇಬ್ಬನಿ ಬೀಳುವ ಮುಂಚೆ ಒಟ್ಟುಮಾಡಿ ಮುಚ್ಚಬೇಕು. ಅಕಾಲದ ಮಳೆ ಒಂದು ಬಿದ್ದರೆ ಎಲ್ಲ ಹುಳ. ಗಂಡಸರು ಕಡಲಿಗೆ ಹೋಗುತ್ತಾರೆ. ದಂಡೆಯ ಮೇಲಿನ ಈ ಕೆಲಸ ಪೂರ್ತಿ ಹೆಂಗಸರದು, ಇದರ ಹಣವೂ ಅವರ ಕೈಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಒಲೆ ಉರಿಯುವುದು ಬೇಸಗೆಯಲ್ಲಿ ಒಣಗಿಸಿಟ್ಟದ್ದರಿಂದ. ಶಿವಾಜಿನಗರದ ನಮ್ಮ ಒಲೆಗಳೂ ಇಂಥ ಮರಳಿನಿಂದಲೇ ಉರಿದಿದ್ದವು.

"ಅಕ್ಕಾ, ಈ ಮರಳು ಯಾರದ್ದು?" ಎಂದು ಮೇಷ್ಟ್ರು ಕೇಳಿದರು. ಪಟ್ಟೆ, ಪಹಣಿ, ಹಕ್ಕುಪತ್ರ ಅವರ ಮನಸ್ಸಿನಲ್ಲಿತ್ತು.

"ಯಾರದ್ದು ಅಂದ್ರೆ? ಮೀನು ಒಣಗ್ಸೋರದ್ದು."

ಸರಕಾರದ ಕಡತ ಹಾಗೆ ಹೇಳುವುದಿಲ್ಲ. ಟೊಂಕದ ಜಾಗವನ್ನು 2010ರಲ್ಲಿ ರಾಜ್ಯ ಸರಕಾರ ಖಾಸಗಿ ಬಂದರಿಗೆ ಗುತ್ತಿಗೆ ಕೊಟ್ಟಿತು. ಅಂದಿನಿಂದ ಮೀನುಗಾರರ ಹೋರಾಟ ನಡೆದೇ ಇದೆ. 2024ರ ಜನವರಿಯಲ್ಲಿ ಬಂದರಿನ ರಸ್ತೆಯ ಕೆಲಸಕ್ಕೆ ಪೊಲೀಸ್ ಬಂದೋಬಸ್ತಿನಲ್ಲಿ ಬಂದಾಗ ಊರವರು ಅಡ್ಡ ನಿಂತರು, ಹಲವರ ಬಂಧನವಾಯಿತು. ಕಡಲಾಮೆಗಳು ಬಂದು ಮೊಟ್ಟೆಯಿಡುವ ದಂಡೆಯೂ ಇದೇ. ಒಂದೇ ಊರಿನ ಒಂದು ತುದಿಯಲ್ಲಿ ಪರಿಸರ ಶುದ್ಧವೆಂದು ಬಾವುಟ, ಇನ್ನೊಂದು ತುದಿಯಲ್ಲಿ ಬಂದರಿಗೆ ರಸ್ತೆ. ಈ ಎರಡೂ ಕಡೆ ಬೇಡವಾದದ್ದು ಒಂದೇ: ಬಲೆಯ ಮೇಲೆ ಹರಡಿದ ಆ ಮೀನು. ಒಬ್ಬರಿಗೆ ಅದು ವಾಸನೆ, ಇನ್ನೊಬ್ಬರಿಗೆ ಅದು ಅತಿಕ್ರಮಣ.

ಇದು ಹೊನ್ನಾವರದ ಕಥೆ ಮಾತ್ರವೂ ಅಲ್ಲ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಶುರುವಾಯಿತು. ನಡುವೆ ಊರುಗಳೇ ಎದ್ದುಹೋದವು. ಅಂಕೋಲೆಯ ಕೇಣಿಯಲ್ಲಿ ಮತ್ತೊಂದು ಬಂದರಿನ ವಿರುದ್ಧ 2025ರಲ್ಲಿ ಮೀನುಗಾರರು ಬೀದಿಗೆ ಬಂದರು. ದೇಶಕ್ಕೆ ನೌಕಾನೆಲೆ ಬೇಡವೇ, ವ್ಯಾಪಾರಕ್ಕೆ ಬಂದರು ಬೇಡವೇ ಎಂದು ಕೇಳುವವರಿದ್ದಾರೆ. ಬೇಕಾಗಬಹುದು. ಸುಮಾರು 320 ಕಿಲೋಮೀಟರಿನ ಕರಾವಳಿಯಲ್ಲಿ ಅದಕ್ಕೆ ಸಿಗುವ ಜಾಗ ಪ್ರತಿ ಸಲವೂ ಮೀನುಗಾರರ ಅಂಗಳವೇ ಏಕೆ ಆಗಿರುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ನಮ್ಮಲ್ಲಿ ಇದೆ. ಆ ಅಂಗಳ ಖಾಲಿ ಎಂದು ನಕ್ಷೆ ಹೇಳುತ್ತದೆ, ಖಾಲಿ ಎಂದು ಪ್ರವಾಸಿಯ ಫೋಟೋ ಕೂಡ ಸಾಕ್ಷಿ ಹೇಳುತ್ತದೆ. ಚೌಕಟ್ಟಿನಿಂದ ಬಲೆಯನ್ನೂ ಹೆಂಗಸನ್ನೂ ಹೊರಗಿಟ್ಟು ಬರೀ ಅಲೆ, ಬರೀ ಸೂರ್ಯಾಸ್ತ ತೆಗೆದುಕೊಂಡು ಬರುವ ನಾವೇ ಆ ಸಾಕ್ಷಿಗಳು.

ಕಾನೂನು ಕೂಡ ನಮ್ಮ ಕಣ್ಣಿನಿಂದಲೇ ನೋಡಲು ಕಲಿಯುತ್ತಿದೆ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಾಗ ಹಳ್ಳಿಗಾಡಿನ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಜಾಗ ಹೊಸ ಕಟ್ಟಡಗಳಿಂದ ಮುಕ್ತವಾಗಿರಬೇಕಿತ್ತು. 2019ರ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ದಂಡೆಯ ಮೇಲೆ ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಬಟ್ಟೆ ಬದಲಿಸುವ ಕೋಣೆಗಳಿಗೆ ಒಪ್ಪಿಗೆ ಕೊಟ್ಟಿತು. ಮೀನುಗಾರರಿಗೆ ಮನೆ ಕಟ್ಟಿಕೊಳ್ಳಲು ಅನುಕೂಲವಾಯಿತಲ್ಲ ಎನ್ನುವ ವಾದವಿದೆ. ಹಕ್ಕುಪತ್ರವೇ ಇಲ್ಲದ ಮನೆಗೆ ಗೆರೆ ಹತ್ತಿರ ಬಂದರೇನು, ದೂರ ಹೋದರೇನು? ಕಾಗದ ಇದ್ದವರು ಮೊದಲು ಬರುತ್ತಾರೆ.

ಹಾಗೆಂದು ಮೀನುಗಾರರೆಲ್ಲ ಸಂತರು ಎಂದು ಬರೆಯಲು ಕೂತಿಲ್ಲ. ಬುಲ್ ಟ್ರಾಲಿಂಗ್ ಮತ್ತು ಬೆಳಕು ಹಾಯಿಸಿ ಮಾಡುವ ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ಅದು ನಿಂತಿಲ್ಲ ಎಂದು ನಾಡದೋಣಿಯವರು ದೂರುತ್ತಾರೆ. ದೊಡ್ಡ ದೋಣಿ ಮರಿ ಮೀನನ್ನೂ ಬಿಡದೆ ಬಾಚುತ್ತದೆ, ಸಣ್ಣ ದೋಣಿ ಖಾಲಿ ಬರುತ್ತದೆ. ಊರೆಂದರೆ ಒಳಗೆ ಜಗಳವೂ ಇರುವುದು. ಆ ಜಗಳವನ್ನು ಕೇಳಿಸಿಕೊಂಡರೆ ಊರು ನೋಡಿದ ಹಾಗೆ.

ಈಗ ನಮ್ಮವರ ಮಾತಿಗೆ ಬರೋಣ. ಉರ್ದು ಶಾಲೆಯಲ್ಲಿ ಓದಿದ ನಮಗೆ ಇಬ್ನ್ ಬತೂತಾನ ಹೆಸರು ಬಾಯಿಪಾಠ. ಮೊರಾಕ್ಕೋದಿಂದ ಚೀನಾದವರೆಗೆ ಹೋದ, ದಿಲ್ಲಿಯಲ್ಲಿ ಖಾಝಿಯಾಗಿದ್ದ, ಇಷ್ಟು ಗೊತ್ತು. ಅವನ ಬರಹದಲ್ಲಿ ಬರುವ ಹಿನಾವ್ರ್ ಎಂದರೆ ನಮ್ಮದೇ ಹೊನ್ನಾವರ ಎಂದು ಶಾಲೆಯಲ್ಲಿ ಯಾರೂ ಹೇಳಲಿಲ್ಲ. 14ನೆಯ ಶತಮಾನದ ನಲವತ್ತರ ದಶಕದಲ್ಲಿ ಅವನು ಇಲ್ಲಿಗೆ ಬಂದ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದ. ಹೆಂಗಸರಿಗೆ ಕುರ್‌ಆನ್ ಕಂಠಸ್ಥವಾಗಿತ್ತು ಎಂದ. ಅವರು ಹೊಲಿಯದ ಬಟ್ಟೆಯನ್ನೇ ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಿದ್ದರು ಎಂದ. ಜನಕ್ಕೆ ಬೇಸಾಯವಿಲ್ಲ, ಕಡಲೇ ಜೀವನ ಎಂದೂ ಬರೆದ. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದೇ 1809ರಲ್ಲಿ. ಅದಕ್ಕೂ ನಾಲ್ಕೂವರೆ ಶತಮಾನ ಮೊದಲು ಕರ್ನಾಟಕದ ಕಡಲ ಊರೊಂದರಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳ ಶಾಲೆಗಳಿದ್ದವು.

ಇದನ್ನು ಅರಿಯದ ನಾವು ಕರಾವಳಿಯ ಮುಸ್ಲಿಮರನ್ನು ನೋಡುವ ಬಗೆ ಹೇಗಿದೆ? ಬ್ಯಾರಿ ಭಾಷೆ ಕೇಳಿದರೆ, ಇವರಿಗೆ ಉರ್ದು ಬರುವುದಿಲ್ಲವಂತೆ ಎಂದು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಭಟ್ಕಳದ ನವಾಯತರ ಮಾತು ಅರ್ಥವಾಗದಿದ್ದರೆ ನಗುತ್ತೇವೆ. ಭಟ್ಕಳ ಎಂಬ ಹೆಸರು ಪತ್ರಿಕೆಯಲ್ಲಿ ಯಾವ ಕಾರಣಕ್ಕೆ ಬರುತ್ತದೋ ಅದೇ ಕಾರಣಕ್ಕೆ ನಾವೂ ಬೆಚ್ಚುತ್ತೇವೆ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ಗಾಬಿತರ ಜೊತೆಗೆ ಅದೇ ಕಡಲಿಗೆ ದೋಣಿ ಇಳಿಸುವ ದಾಲ್ದಿ ಮುಸ್ಲಿಮರು ಉತ್ತರ ಕನ್ನಡದಲ್ಲಿದ್ದಾರೆ ಎಂದರೆ ಕಂಟೋನ್ಮೆಂಟಿನ ನಮ್ಮ ಬಿರಾದರಿಯ ಬಹುಪಾಲು ಜನರಿಗೆ ಅದು ಸುದ್ದಿ. ಮೀನು ಹಿಡಿಯುವ ಮುಸ್ಲಿಮ್ ನಮ್ಮ ಮೊಹಲ್ಲಾದ ಷರೀಫರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಜಾತಿ ನಮ್ಮಲ್ಲಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾಲಗೆಯೇ ಇದನ್ನೂ ಹೇಳುತ್ತದೆ. ಉರ್ದುವಿನಲ್ಲಿ ಸೈರ್ ಬೇರೆ, ಸಫರ್ ಬೇರೆ. ಸೈರ್ ಎಂದರೆ ಗಾಳಿಗೆ ಹೋಗಿ ಬರುವುದು. ಸಫರ್‌ನಲ್ಲಿ ದಣಿವಿದೆ, ದಾರಿ ಕೇಳುವುದಿದೆ. ನಮ್ಮವರು ಹೋಗಿ ಬರುವುದೆಲ್ಲ ಸೈರ್.

ಗೆಳೆಯರ ಜೊತೆ ಹೋದದ್ದರಿಂದ ಇನ್ನೊಂದು ಪಾಠವೂ ಆಯಿತು. ಒಂದು ತಂಗುಮನೆಯಲ್ಲಿ ಐವರ ಗುರುತಿನ ಚೀಟಿಗಳನ್ನು ಸಾಲಾಗಿ ಮೇಜಿನ ಮೇಲಿಟ್ಟ ಹುಡುಗ, ಹೆಸರುಗಳನ್ನು ಒಂದೊಂದಾಗಿ ಓದಿ, ನಮ್ಮ ಗೆಳತಿಯ ಹೆಸರಿನ ಮೇಲೆ ಬೆರಳಿಟ್ಟು, ನಮ್ಮ ಕಡೆ ನೋಡಿ, ರೂಮು ಖಾಲಿ ಇಲ್ಲ ಎಂದ. ಅವಳ ಗಂಡ ಪಕ್ಕದಲ್ಲೇ ನಿಂತಿದ್ದ. ಅದು ಲೆಕ್ಕಕ್ಕೆ ಬರಲಿಲ್ಲ. ಅವನಿಗೆ ಸಿಟ್ಟಿರಲಿಲ್ಲ, ಭಯವಿತ್ತು. 2023ರ ಜೂನ್ 1ರಂದು ಉಳ್ಳಾಲದ ಹತ್ತಿರ ಸೋಮೇಶ್ವರದ ದಂಡೆಯಲ್ಲಿ ಗೆಳತಿಯರ ಜೊತೆಗಿದ್ದ ಮುಸ್ಲಿಮ್ ಯುವಕರನ್ನು ಗುಂಪೊಂದು ಹೊಡೆದದ್ದು ಕರಾವಳಿಯ ಯಾವ ಹುಡುಗನಿಗೆ ತಾನೇ ಗೊತ್ತಿಲ್ಲ? ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಕಡಲು ಎಲ್ಲರದು. ಮೇಜಿನ ಮೇಲೆ ಚೀಟಿ ಇಟ್ಟಾಗ ಹಾಗಿಲ್ಲ. ಆ ರಾತ್ರಿ ನಮಗೆ ಚಾಪೆ ಹಾಸಿದ್ದು ಮೀನುಗಾರರ ಕೇರಿಯ ಒಂದು ಮನೆ. ಐವರ ಹೆಸರನ್ನೂ ಕೇಳಿದರು, ಕೇಳಿ ಗಂಜಿ ಬಡಿಸಿದರು. ಅದು ಪಟ್ಟಿಯಲ್ಲಿದ್ದ ಯಾವ ಬೀಚಿನಲ್ಲೂ ಸಿಗುವಂಥದ್ದಲ್ಲ.

ಮೇಷ್ಟ್ರು ಈ ಪ್ರವಾಸಕ್ಕೆ ಬಂದದ್ದಕ್ಕೆ ಬೇರೆ ಕಾರಣವಿತ್ತು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ನೀರುಪಾಲಾದರು. ಕೆ.ಆರ್. ಪುರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೋದರೆ ಹೊಸಕೋಟೆ, ಕೋಲಾರ, ಆಮೇಲೆ ಮುಳಬಾಗಿಲು. ಮೇಷ್ಟ್ರ ಶಾಲೆಯೂ ಅದೇ ರಸ್ತೆಯಲ್ಲಿ, ಮಕ್ಕಳೂ ಅಂಥವರೇ: ಕೆರೆಯೇ ಬತ್ತಿದ ಸೀಮೆಯವರು, ಸೊಂಟದುದ್ದದ ನೀರನ್ನೂ ಕಾಣದವರು. ಸುದ್ದಿ ಬಂದಾಗ ಆಡಳಿತ ದಂಡೆಯನ್ನು ಮುಚ್ಚಿತು, ಕರೆದೊಯ್ದ ಶಿಕ್ಷಕರ ಮೇಲೆ ಪ್ರಕರಣ ಹೂಡಿತು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ. ಆದರೆ ಆ ಮಕ್ಕಳಿಗೆ ಕಡಲೆಂದರೆ ಏನೆಂದು ಯಾರು ಹೇಳಿದ್ದರು? ಪಠ್ಯದಲ್ಲಿ ಕಡಲು ನೀಲಿ ಬಣ್ಣ. ಪ್ರವಾಸದ ಬಸ್ಸಿನಲ್ಲಿ ಕಡಲು ಆಟದ ಬಯಲು.

ಟೊಂಕದಲ್ಲಿ ಒಬ್ಬ ಹಿರಿಯರು ಮೇಷ್ಟ್ರನ್ನು ನೀರಿನ ಅಂಚಿಗೆ ಕರೆದೊಯ್ದು ತೋರಿಸಿದರು. ಅಲೆಗಳು ಸಾಲಾಗಿ ಒಡೆಯುವ ಕಡೆ ನೋಡಿ, ನಡುವೆ ಒಂದು ಕಡೆ ಅಲೆಯೇ ಒಡೆಯುತ್ತಿಲ್ಲ, ನೀರು ಶಾಂತವಾಗಿದೆ, ಹೌದೋ? ನಿಮ್ಮವರು ಇಳಿಯುವುದು ಅಲ್ಲೇ, ಶಾಂತ ಇದೆ ಎಂದು. ದಂಡೆಗೆ ಬಂದ ನೀರು ಹಿಂದಕ್ಕೆ ಹೋಗುವ ದಾರಿ ಅದು. ಸೆಳೆತ ಇರುವುದೇ ಅಲ್ಲಿ. ಸಿಕ್ಕಿಕೊಂಡರೆ ದಂಡೆಯ ಕಡೆ ಈಜಬಾರದು, ಅಡ್ಡಕ್ಕೆ ಈಜಬೇಕು. ಐದು ನಿಮಿಷದ ಪಾಠ. ಇದನ್ನು ಕರಾವಳಿಯ ಯಾವ ಕೇರಿಯಲ್ಲಾದರೂ ಹೇಳಿಕೊಡುವವರಿದ್ದಾರೆ. ಪ್ರವಾಸದ ಬಸ್ಸು ಆ ಕೇರಿಯ ಮುಂದೆ ನಿಲ್ಲದೆ ಹೋಗುತ್ತದೆ. ಅಲ್ಲಿ ನೋಡುವುದೇನಿದೆ ಎಂದು. ಮೇಷ್ಟ್ರು ಅಂದು ಊಟ ಮಾಡಲಿಲ್ಲ.

ನೋಡಿಸಿಕೊಳ್ಳುವುದರ ಕಷ್ಟ ನಮಗೂ ಗೊತ್ತಿಲ್ಲದ್ದೇನಲ್ಲ. ರಮಝಾನ್ ತಿಂಗಳಲ್ಲಿ ಮಸ್ಜಿದ್ ರಸ್ತೆಗೆ ಕ್ಯಾಮೆರಾ ಹಿಡಿದು ಬರುವವರು ಕಬಾಬಿನ ಹೊಗೆಯನ್ನು ಮನಸಾರೆ ಹೊಗಳುತ್ತಾರೆ. ಅದನ್ನು ಸುಡುವವನು ಹನ್ನೊಂದು ತಿಂಗಳು ಎಲ್ಲಿರುತ್ತಾನೆ ಎಂದು ಕೇಳುವುದಿಲ್ಲ. 2012ರಲ್ಲಿ ರಸೆಲ್ ಮಾರ್ಕೆಟಿಗೆ ಬೆಂಕಿ ಬಿದ್ದಾಗ ಪಾರಂಪರಿಕ ಕಟ್ಟಡ ಸುಟ್ಟಿತೆಂದು ಮರುಗಿದವರು ಬಹಳ; ಒಳಗೆ ಸುಟ್ಟದ್ದು ಬಡ ವ್ಯಾಪಾರಿಗಳ ಅಂಗಡಿಗಳು. ನಮ್ಮ ಗೆಳತಿ ಇರುವ ಇಂದಿರಾನಗರದಲ್ಲಿ ಬಿನ್ನಮಂಗಲ, ದೂಪನಹಳ್ಳಿ ಎಂಬ ಹಳ್ಳಿಗಳಿದ್ದವು. ಬಿನ್ನಮಂಗಲದ ಕೆರೆ ಹೋಗಿ ಹೆಸರು ಉಳಿಯಿತು. ಆ ಹೆಸರೂ ಈಗ ವಿಳಾಸ ಹೇಳುವಾಗ ಮಾತ್ರ.

ವಾಪಸು ಬರುವಾಗ ಟೊಂಕದ ಆ ಅಕ್ಕನಿಂದ ಎರಡು ಕಿಲೋ ಒಣ ಸೀಗಡಿ ಕೊಂಡೆವು. ಗ್ಯಾರೇಜಿನ ಗೆಳೆಯ ಚೌಕಾಶಿ ಮಾಡಲು ಬಾಯಿ ತೆರೆದು, ತನ್ನ ಬೂಟು ನೋಡಿಕೊಂಡು ಸುಮ್ಮನಾದ. ರೈಲಿನಲ್ಲಿ ಪಕ್ಕದ ಸೀಟಿನವರು ವಾಸನೆಗೆ ಗೊಣಗಿದರು. ಅವರ ಕೈಯಲ್ಲೂ ಮುರ್ಡೇಶ್ವರದ ಫೋಟೋಗಳಿದ್ದವು.

ಈ ಡಿಸೆಂಬರಿನಲ್ಲಿ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕೆಂದು ಹಠ ಹಿಡಿದಿದ್ದಾರೆ. ನೀರಿಗಿಳಿಸಲು ಅಲ್ಲ. ಎರಡು ದಿನ ಕೇರಿಯಲ್ಲಿ ಇರಿಸಿ, ಬಲೆ ಹೆಣೆಯುವುದು, ಮೀನು ಮಗುಚುವುದು, ಅಲೆ ಓದುವುದು ಕಲಿಸಲು. ಪಾಠ ಹೇಳುವವರು ಆ ಅಕ್ಕ ಮತ್ತು ಆ ಹಿರಿಯರು. ಅನುಮತಿಗೆ ಅರ್ಜಿ ಹಾಕಬೇಕಲ್ಲ. ಅರ್ಜಿಯ ನಮೂನೆಯಲ್ಲಿ ವೀಕ್ಷಿಸುವ ಪ್ರೇಕ್ಷಣೀಯ ಸ್ಥಳ ಎಂದು ಒಂದು ಖಾನೆ ಇದೆ. ಅಲ್ಲಿ ಏನು ತುಂಬಲಿ ಎಂದು ಮೊನ್ನೆ ಫೋನು ಮಾಡಿ ಕೇಳಿದರು. ಕಾಸರಕೋಡು ಟೊಂಕ, ಮೀನು ಒಣಗಿಸುವ ಜಾಗ ಎಂದು ಬರೆಯಿರಿ ಎಂದೆವು. ಬರೆದು ಕೊಟ್ಟಿದ್ದಾರೆ. ಅರ್ಜಿ ಇನ್ನೂ ಮೇಜಿನ ಮೇಲಿದೆಯಂತೆ.